ಅರ್ಧ ತಾಸಿನ ಪುಡಿ

ಉಣ್ಣುವುದು ಬೇರೆ, ಉಂಡದ್ದು ಮೈಗೆ ಹತ್ತುವುದು ಬೇರೆ. ಕೆಲವರು ಗಾಳಿ ಕುಡಿದರೂ ದಪ್ಪಗಾಗುತ್ತಾರೆ; ಕೆಲವರು ಹೋಳಿಗೆಯ ಮೇಲೆ ಹೋಳಿಗೆ ಜಡಿದರೂ ಗೂಟಕ್ಕೆ ಅಂಗಿ ತೊಡಿಸಿದಂತಿರುತ್ತಾರೆ. ನಾನು ಮೂರನೆಯ ಬಗೆ. ನಾನು ಉಂಡದ್ದೆಲ್ಲ ಹೊಟ್ಟೆಯಲ್ಲೇ ಠಿಕಾಣಿ ಹೂಡುತ್ತದೆ. ಕೈಕಾಲುಗಳಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ಈ ಸತ್ಯ ಬಯಲಾದದ್ದು ಸಿರುಗುಪ್ಪದಲ್ಲಿ, ಹೆಂಡತಿಯ ತವರಿನಲ್ಲಿ. ವರ್ಷದ ಅಕ್ಕಿ ನಮಗೆ ಅಲ್ಲಿಂದಲೇ ಬರಬೇಕು. ಹೋದ ವರ್ಷ ಚೀಲವೊಂದನ್ನು ಆಟೋಗೆ ಏರಿಸಲು ಹೋಗಿ, ಅದನ್ನು ಅಪ್ಪಿಕೊಂಡು ಹಾಗೇ ನಿಂತುಬಿಟ್ಟೆ. ಹೆಂಡತಿಯ ತಮ್ಮ ವೀರೇಶ ಬಂದು, "ಬಿಡ್ರಿ ಮಾವಾರ, ನೀವು ಕಾಲೇಜಿನಾಗ ಪಾಠ ಹೇಳೋರು. ಇದು ನಿಮ್ಮ ಕೈಲಿ ಆಗಂಗಿಲ್ಲ" ಎಂದು ಚೀಲ ಕಸಿದುಕೊಂಡ. ಓಣಿಯೆಲ್ಲ ನಕ್ಕಿತು. ಅತ್ತೆ ಮಾತ್ರ ನಗದೆ ಕನಿಕರದಿಂದ ನೋಡಿದರು. ಅದು ನಗುವಿಗಿಂತ ಹೆಚ್ಚು ಉರಿಯಿತು. ಮುಂದಿನ ವರ್ಷ ಇದೇ ಓಣಿಯ ಎದುರು ಚೀಲ ಎತ್ತದಿದ್ದರೆ ನಾನು ಈ ಮನೆಯ ಅಳಿಯನೇ ಅಲ್ಲ ಎಂದುಕೊಂಡೆ.

ಬಳ್ಳಾರಿಗೆ ಬಂದವನೇ ಪಾರ್ವತಿನಗರದ ಒಂದು ಜಿಮ್ ಸೇರಿದೆ. ಅಲ್ಲಿನ ಕೋಚು ನನ್ನ ತೋಳನ್ನು ಬದನೆಕಾಯಿ ಆರಿಸುವವರಂತೆ ಹಿಸುಕಿ ನೋಡಿ, ದೊಡ್ಡ ಡಬ್ಬಿಯೊಂದನ್ನು ಕೈಗಿಟ್ಟ. "ವ್ಹೇ ಪ್ರೋಟೀನ್ ರೀ ಸರ. ಕಸರತ್ತು ಮುಗಿದ ಅರ್ಧ ತಾಸಿನಾಗ ಕುಡೀಬೇಕು. ತಡ ಆತಂದ್ರ ಮೈ ತಗೊಳ್ಳಂಗಿಲ್ಲ, ಎಲ್ಲಾ ವೇಸ್ಟ್!"

ಅಂದಿನಿಂದ ಗಡಿಯಾರವೇ ನನ್ನ ಗುರು. ಕಸರತ್ತಿನ ನಡುವೆಯೂ ಕಣ್ಣು ಡಬ್ಬಿಯ ಮೇಲೆ. ಹೆಂಡತಿ ಡಬ್ಬಿಯ ಮೇಲಿದ್ದುದನ್ನು ಓದಿ, "ಹಾಲು ಒಡೆದ್ರ ನಾವು ಚೆಲ್ಲೋ ನೀರನ್ನ ಒಣಗಿಸಿ ನಿಮಗ ಮಾರ್ಯಾರಲ್ರೀ!" ಎಂದು ನಕ್ಕಳು. ಕುರುಗೋಡಿನಲ್ಲಿ ದವಾಖಾನೆ ಇಟ್ಟಿರುವ ಗೆಳೆಯನನ್ನು ಅರ್ಧ ತಾಸಿನ ಮಾತು ನಿಜವೇ ಎಂದು ಕೇಳಿದೆ. "ಅರ್ಧ ತಾಸಿಗೆ ಬಾಗಿಲು ಹಾಕಾಕ ಮೈಯೇನು ರೇಷನ್ ಅಂಗಡಿ ಏನಲೇ? ಕಸರತ್ತು ಮಾಡಿದ್ರ ದಿನಪೂರ್ತಿ ತೆರದಿರ್ತೈತಿ. ಪುಡಿ ಲಗೂ ಅರಗತೈತಿ, ಹಾಲು ಸಾವಕಾಶ ಅರಗತೈತಿ, ಅಷ್ಟ. ಮೊದಲು ಭಾರ ಎತ್ತು!" ಎಂದ. ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಪುಕ್ಕಟೆ ಸಲಹೆಗೆ ಬೆಲೆಯಿಲ್ಲ. ಡಬ್ಬಿಗಾದರೆ ದುಡ್ಡು ಕೊಟ್ಟಿದ್ದೆ. ನಿಜ ಹೇಳಬೇಕೆಂದರೆ, ಜಿಮ್ಮಿನಲ್ಲಿ ನಾನು ಎತ್ತಿದ ಅತಿ ಭಾರದ ವಸ್ತು ಆ ಡಬ್ಬಿಯೇ.

ಈ ವರ್ಷ ಅಕ್ಕಿ ತರಲು ಹೋದಾಗ ಹೊಸ ಡಬ್ಬಿಯನ್ನೇ ಒಯ್ದು ಅತ್ತೆಯ ಕೈಗೆ ಕೊಟ್ಟೆ. ಬೆಳಿಗ್ಗೆ ಅಂಗಳದಲ್ಲಿ ಓಣಿಗೆ ಕಾಣುವಂತೆ ಬಸ್ಕಿ ಹೊಡೆದು, ಬೆವರು ಒರೆಸಿಕೊಳ್ಳುತ್ತ, "ಅತ್ತಿ, ನನ್ನ ಪುಡಿ?" ಎಂದು ಒಳಗೆ ಓಡಿದೆ.

ಅತ್ತೆ ಹೆಮ್ಮೆಯಿಂದ ತಟ್ಟೆ ಮುಂದಿಟ್ಟರು. ಅದರಲ್ಲಿ ಏಲಕ್ಕಿ ಘಮಘಮಿಸುವ ಒಂದು ಬಿಳಿ ತುಂಡು. "ಅಳಿಯಂದ್ರು ಪ್ಯಾಟಿಯಿಂದ ತಂದಿದ್ದನ್ನ ತಣ್ಣೀರಾಗ ಕಲಸಿ ಕೊಡಾಕ ಆಗ್ತೈತೇನ್ರಿ? ಬೆಲ್ಲ ಹಾಕಿ ಎಮ್ಮಿ ಹಾಲಾಗ ಕುದಿಸಿದೆ. ಗಿಣ್ಣದಂಗ ಗಟ್ಟಿ ಆತು ನೋಡ್ರಿ! ಮನಿಮಂದಿಗೆಲ್ಲಾ ಕೊಟ್ಟು, ನಿಮಗ ಇಷ್ಟು ತೆಗೆದಿಟ್ಟೀನಿ." ಡಬ್ಬಿಯನ್ನು ಆಗಲೇ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ಮೂಲೆಯಲ್ಲಿ ವೀರೇಶ ಬೋಗುಣಿಯನ್ನೇ ಮುಂದಿಟ್ಟುಕೊಂಡು ತಳ ಕೆರೆಯುತ್ತಿದ್ದ. ನನಗೆ ಅಳುವೇ ಬಂತು.

ಅಷ್ಟರಲ್ಲಿ ಆಟೋ ಬಂತು. ಓಣಿ ನೋಡುತ್ತಿತ್ತು, ಅತ್ತೆಯೂ ಬಾಗಿಲಿಗೆ ಬಂದರು. ನಾನು ಬಾಗಿ ಚೀಲಕ್ಕೆ ಕೈ ಹಾಕಿದೆ. ಚೀಲ ಮೇಲೆ ಬರಲಿಲ್ಲ, ನಾನೂ ಬರಲಿಲ್ಲ. ಸೊಂಟ ಅಲ್ಲೇ ಹಿಡಿದುಕೊಂಡಿತು.

ವೀರೇಶ ಬಾಯಿ ಒರೆಸಿಕೊಂಡು ಬಂದ. ಮೊದಲು ಚೀಲವನ್ನು ಆಟೋಗೆ ಎಸೆದ. ಆಮೇಲೆ ನನ್ನನ್ನು ಹಾಗೇ ಹೆಗಲಿಗೆ ಏರಿಸಿಕೊಂಡು, "ಭಾಳ ಜೋರೈತ್ರಿ ಮಾವಾರ ನಿಮ್ಮ ಪುಡಿ! ತಿಂದು ಅರ್ಧ ತಾಸೂ ಆಗಿಲ್ಲ, ಮೈಗೆ ಹತ್ತೇಬಿಡ್ತು" ಎಂದ.

ಅಷ್ಟು ಬೇಗ ಯಾರ ಮೈಗೂ ಹತ್ತುವುದಿಲ್ಲ, ವೀರೇಶನದು ವರ್ಷವಿಡೀ ಚೀಲ ಹೊತ್ತ ಮೈ; 'ಮೊದಲು ಭಾರ ಎತ್ತು' ಎಂದಿದ್ದ ಗೆಳೆಯನ ಶಾಸ್ತ್ರವೆಲ್ಲ ಆ ಕ್ಷಣ ನನಗೆ ಅರ್ಥವಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಕೀರ್ತಿಯೆಲ್ಲ ವೀರೇಶನಿಗೆ ಹೋಗುತ್ತಿತ್ತು. "ಹೂಂ, ಚಲೋ ಕಂಪನಿದು" ಎಂದು ಅವನ ಹೆಗಲ ಮೇಲಿಂದಲೇ ಗಂಭೀರವಾಗಿ ಹೇಳಿದೆ.