ಬೀದಿಗೊಂದೇ ಫಿಲ್ಟರ್

ಡ್ರಾಯಿಂಗ್ ಮಾಸ್ತರರಿಗೆ ಬೀದಿಯವರು ಇಟ್ಟ ಹೆಸರು ‘ಆಗ್ಲಿ ಮಾಸ್ತರು’. ಯಾರು ಏನು ಕೇಳಿದರೂ ಅವರ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ‘ಇಲ್ಲ’ ಎಂಬ ಪದವನ್ನು ಅವರು ಕಪ್ಪುಹಲಗೆಯ ಮೇಲೂ ಬರೆದವರಲ್ಲ.

ನೀರಿನ ಫಿಲ್ಟರ್ ಹಾಕಿಸಿಕೊಂಡವರಿಗೆ ಮನೆ ತೆರಿಗೆಯಲ್ಲಿ ವಿನಾಯಿತಿ ಎಂದು ನಗರಸಭೆ ಸಾರಿದ್ದೇ ತಡ, ಹೆಂಡತಿ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟ ಹಣದಲ್ಲಿ ಮಾಸ್ತರರು ಫಿಲ್ಟರ್ ತಂದರು. “ತೆರಿಗೆ ಉಳೀಲಿ, ಆ ದುಡ್ಡಲ್ಲಿ ನಿನ್ನ ಯಂತ್ರ,” ಎಂದು ಮಾತು ಕೊಟ್ಟರು. ರಶೀದಿ ಗಿಶೀದಿ ಬೇಕಿರಲಿಲ್ಲ. ಇನ್ಸ್‌ಪೆಕ್ಟರು ಬಂದಾಗ ಫಿಲ್ಟರ್ ಗೋಡೆಯ ಮೇಲಿದ್ದರೆ ಸಾಕು. ಅವರು ಬರುವ ದಿನ ಇವತ್ತು.

ಬೆಳಿಗ್ಗೆಯೇ ಮೂಲೆಮನೆಯ ನಿವೃತ್ತ ಕಂಡಕ್ಟರು ಬಾಗಿಲಲ್ಲಿ ಬಂದು ನಿಂತರು.

“ಮಾಸ್ತರೇ, ನಾನೂ ಅರ್ಜಿ ಹಾಕ್ಬಿಟ್ಟಿದೀನಿ. ಫಿಲ್ಟರ್ ತರೋದೊಂದು ಬಾಕಿ. ಸಾಹೇಬ್ರು ನಮ್ಮನೆಯಿಂದ ಶುರು ಮಾಡ್ತಾರಂತೆ, ನಿಮ್ದು ಕೊನೇದು. ತೋರಿಸಿದ ತಕ್ಷಣ ವಾಪಸ್ ಕೊಡ್ತೀನಿ.”

ಒಳಗಿನಿಂದ ಹೆಂಡತಿ ಕೆಮ್ಮಿದಳು. ಆ ಕೆಮ್ಮಿನ ಅರ್ಥ ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ “ಆಗ್ಲಿ” ಎಂದಿತು. ಫಿಲ್ಟರನ್ನಷ್ಟೇ ಅಲ್ಲ, ಅದು ತೂಗುತ್ತಿದ್ದ ಎರಡು ಕೊಕ್ಕೆಗಳನ್ನೂ ಕಿತ್ತುಕೊಟ್ಟು, ತಾವೇ ಹೋಗಿ ಕಂಡಕ್ಟರ ಗೋಡೆಗೆ ಹೊಡೆದು ಬಂದರು.

ಇನ್ಸ್‌ಪೆಕ್ಟರು ಆ ಮನೆಯ ಮುಂಬಾಗಿಲಿಂದ ಹೊರಬೀಳುವುದಕ್ಕೂ ಫಿಲ್ಟರ್ ಹಿಂಬಾಗಿಲಿಂದ ಹೊರಬೀಳುವುದಕ್ಕೂ ಸರಿಹೋಯಿತು. ಹಿತ್ತಲಲ್ಲಿ ಕಾದಿದ್ದ ಮಾಸ್ತರರು ಕೈಚಾಚುವಷ್ಟರಲ್ಲಿ ಪಕ್ಕದ ಗೋಡೆಯಾಚೆಯಿಂದ ನರ್ಸಮ್ಮನ ಕೈಗಳು ಚಾಚಿಕೊಂಡವು.

“ಅಣ್ಣಾ, ನನ್ನದೂ ಅರ್ಜಿ ಇದೆ. ನಿಮಗೆ ಜ್ವರ ಬಂದಾಗ ಬಂದು ಸೂಜಿ ಚುಚ್ಚಿದ್ದು ಯಾರು, ಹೇಳಿ?”

“ಆಗ್ಲಿ ತಂಗಿ,” ಎಂದರು ಮಾಸ್ತರರು.

ಅಲ್ಲಿಂದ ಅದು ಬೇಕರಿಯವನ ಮನೆಗೆ ಹೋಯಿತು. ಅವನಂತೂ ಕೇಳಲೂ ಇಲ್ಲ. ಸುತ್ತಿಗೆ ಹಿಡಿದ ಮಾಸ್ತರರು ಕರು ಕಳಕೊಂಡ ಹಸುವಿನಂತೆ ಹಿತ್ತಲಿಂದ ಹಿತ್ತಲಿಗೆ ಅದರ ಬೆನ್ನು ಹತ್ತಿದರು, ಹೋದಲ್ಲೆಲ್ಲ ಕೊಕ್ಕೆ ಹೊಡೆದುಕೊಟ್ಟರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬೇಕರಿಯವನ ಗೋಡೆಗೆ ಹೊಡೆದ ಕೊಕ್ಕೆಗಳು ಏನು ಮಾಡಿದರೂ ಕಿತ್ತು ಬರಲಿಲ್ಲ. ಮಾಸ್ತರರ ಕೆಲಸ ಅಷ್ಟು ಗಟ್ಟಿ.

ಬರಿಯ ಫಿಲ್ಟರನ್ನು ಅಪ್ಪಿಕೊಂಡು ಅವರು ಹಿಂಬಾಗಿಲಿಂದ ಮನೆ ಸೇರುವ ಹೊತ್ತಿಗೆ ಇನ್ಸ್‌ಪೆಕ್ಟರು ಅಂಗಳ ದಾಟಿ ಒಳಬರುತ್ತಿದ್ದರು. ಬೇರೆ ದಾರಿ ಕಾಣದೆ ಮಾಸ್ತರರು ಅದನ್ನು ಗೋಡೆಗೆ ಒತ್ತಿ ಹಿಡಿದು, ಆರಾಮವಾಗಿ ಒರಗಿದವರಂತೆ ನಿಂತರು.

“ಕೈ ತೆಗೀರಿ,” ಎಂದರು ಇನ್ಸ್‌ಪೆಕ್ಟರು.

“ಪರವಾಗಿಲ್ಲ ಸಾರ್, ಹೀಗೇ ನಿಂತು ಅಭ್ಯಾಸ.”

“ತೆಗೀರಿ ಮಾಸ್ತರೇ.”

ತೆಗೆದರು. ಫಿಲ್ಟರ್ ಜಾರಿ ಅವರ ತೋಳಿಗೇ ಬಿತ್ತು. ಅದರಲ್ಲಿದ್ದ ಶುದ್ಧ ನೀರು ಇನ್ಸ್‌ಪೆಕ್ಟರ ಬೂಟಿನ ಮೇಲೆ ಸುರಿಯಿತು.

ಇನ್ಸ್‌ಪೆಕ್ಟರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಹೇಳಿದರು: “ಇದೇ ಬೀದೀಲಿ ಮೂರು ಮನೆ ನೋಡ್ಕೊಂಡು ಬಂದೆ. ಎಲ್ಲರೂ ಕೊಕ್ಕೆ ಹೊಡೆದು ಎಷ್ಟು ಚೆಂದ ಕೂರಿಸಿದಾರೆ. ನಿಮ್ಮಲ್ಲಿ ಕೊಕ್ಕೇನೇ ಇಲ್ಲ. ಮೇಲೆ ಹಿಟ್ಟಿನ ಕೈಗುರುತು ಬೇರೆ. ಬೇಕರಿಯವರದನ್ನ ಎರವಲು ತಂದಿದೀರಿ, ಅಲ್ವಾ?”

ಮಾಸ್ತರರು ಬಾಯಿ ತೆರೆದರು. ಕಿಟಕಿಯಾಚೆ ಮೂವರು ನೆರೆಯವರು ಸಾಲಾಗಿ ಕೈಮುಗಿದು ನಿಂತಿದ್ದರು. ನಿಜ ಹೇಳಿದರೆ ಮೂರು ಮನೆಗೂ ದಂಡ ಬೀಳುತ್ತದೆ. ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿಯ ಮುಖ ನೋಡಲು ಅವರಿಗೆ ಧೈರ್ಯವಾಗಲಿಲ್ಲ.

“ಹೂಂ,” ಎಂದುಬಿಟ್ಟರು.

ಇನ್ಸ್‌ಪೆಕ್ಟರು ಮಾಸ್ತರರ ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. “ಮರ್ಯಾದಸ್ಥರು ನೀವು, ಅದಕ್ಕೇ ದಂಡ ಹಾಕ್ತಿಲ್ಲ,” ಎಂದರು. ಹೊರಟವರು ಬಾಗಿಲಲ್ಲಿ ತಡೆದು ನಿಂತು, ಸುತ್ತ ನೋಡಿ, ದನಿ ತಗ್ಗಿಸಿದರು.

“ಒಂದು ಮಾತು. ನಾಳೆ ನಮ್ಮ ಮೇಲಿನ ಸಾಹೇಬ್ರು ನಮ್ಮನೆಗೇ ತಪಾಸಣೆಗೆ ಬರ್ತಿದಾರೆ. ನಾನೂ ಅರ್ಜಿ ಹಾಕಿದೀನಿ ನೋಡಿ. ಬೇಕರಿಯವರಿಗೆ ನೀವೇ ಹೇಳಿ ಇದನ್ನ ಒಂದು ದಿನಕ್ಕೆ ಕೊಡಿಸ್ತೀರಾ?”

ಮಾಸ್ತರರ ಬಾಯಿ ಎಂದಿನಂತೆ ಅವರನ್ನು ಕೇಳದೆಯೇ ಮಾತಾಡಿತು.

“ಆಗ್ಲಿ.”

ಹೆಂಡತಿ ಒಳಗಿನಿಂದ ಒಣಬಟ್ಟೆ ತಂದು ಹಿಟ್ಟಿನ ಗುರುತನ್ನು ಒರೆಸಿ, ಫಿಲ್ಟರನ್ನು ಇನ್ಸ್‌ಪೆಕ್ಟರ ಕೈಗಿಟ್ಟಳು.

“ಹಾಗೇ ನಿಮ್ಮನೇಲಿ ಹೊಲಿಗೆ ಯಂತ್ರ ಇದ್ರೆ ಕಳಿಸಿ ಸಾರ್,” ಎಂದಳು, “ಒಂದು ದಿನಕ್ಕೆ.”