ಆರು ಕೋಣೆಗೆ ಒಂದೇ ಬಿಸಿ

ನಮ್ಮ ದೊಡ್ಡತ್ತೆ ಇನ್ನೂ ಚಳಿಯ ಮೇಲೆ ಕೇಸು ಹಾಕಿಲ್ಲ, ಅದೊಂದೇ ಸಮಾಧಾನ! ಸಮನ್ಸು ಯಾವ ವಿಳಾಸಕ್ಕೆ ಕಳಿಸಬೇಕೆಂದು ಕೋರ್ಟಿನವರು ಕೇಳಿದರೆ ಕಷ್ಟ ಅಂತ ಸುಮ್ಮನಿದ್ದಾರೆ, ಅಷ್ಟೆ. ಬೇರೆಯವರಿಗೆ ಚಳಿ ಎಂದರೆ ಹವಾಮಾನ. ದೊಡ್ಡತ್ತೆಗೆ ಅದು ಹೇಳದೆ ಕೇಳದೆ ಮನೆಯೊಳಗೆ ನುಗ್ಗಿ, ಕುರ್ಚಿ ಎಳೆದುಕೊಂಡು ಕೂತ ಪರಕೀಯ.

ದೊಡ್ಡತ್ತೆ ಎಂದರೆ ನಮ್ಮಪ್ಪನ ಅಕ್ಕ. ಹಾರನಹಳ್ಳಿಯ ಬಿಸಿಲಲ್ಲಿ ಬೆಳೆದು, ಚಳಿಯೂರಾದ ಬಿಕ್ಕೋಡಿಗೆ ಮದುವೆಯಾಗಿ ಹೋದವರು. ಬೇಲೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾದರು. ನಿವೃತ್ತರಾದ ಮೇಲೆ ಕೆಲವರು ಯಾತ್ರೆಗೆ ಹೋಗುತ್ತಾರೆ, ಕೆಲವರು ಕೈತೋಟ ಮಾಡುತ್ತಾರೆ. ಇವರು ಮೊದಲನೇ ಮಾಗಿ ಚಳಿಗೇ ಘೋಷಣೆ ಹೊರಡಿಸಿದರು: "ಈ ಮನೇಲಿ ಇನ್ಮೇಲೆ ಬೆಚ್ಚಗಿರೋ ಕೋಣೆ ಬೇರೆ, ತಣ್ಣಗಿರೋ ಕೋಣೆ ಬೇರೆ ಅನ್ನೋದು ಇರಲ್ಲ. ಒಂದೇ ಒಲೆ, ಆರು ಕೋಣೆ, ಎಲ್ಲಾ ಕಡೆ ಒಂದೇ ಬಿಸಿ!"

ಮಾವ ರಗ್ಗಿನೊಳಗಿನಿಂದ ಮೂಗು ಮಾತ್ರ ಹೊರಗೆ ಹಾಕಿ, "ಒಂದು ಸ್ವೆಟರ್ ಹಾಕ್ಕಂಡ್ರೆ ಆಗಾಕಿಲ್ವೇನೇ?" ಎಂದರಂತೆ.

"ಸ್ವೆಟರ್ ಹಾಕ್ಕೊಂಡ್ರೆ ಚಳಿ ಹೇಳಿದ ಮಾತು ನಾವು ಕೇಳಿದ ಹಾಗಾಯ್ತು. ಅದು ನಮ್ಮ ಮಾತು ಕೇಳ್ಬೇಕು ಕಣ್ರೀ!"

ಮೂಗು ಮತ್ತೆ ಒಳಗೆ ಹೋಯಿತು.

ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಕೋಣೆಗೊಂದು ಇಟ್ಟರೆ ಮುಗಿಯಿತಲ್ಲ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ಪಾಪ, ಅವರಿಗೇನು ಗೊತ್ತು, ಅರ್ಧ ಗಂಟೆ ಪಾಠ ಕೇಳಬೇಕಾಗುತ್ತದೆಂದು! ಪಾಠದ ಸಾರಾಂಶ ಇಷ್ಟು: "ಬಾಗಿಲು ಹಾಕ್ಕೊಂಡು ಕೆಂಡ ಇಟ್ಕೊಂಡು ಮಲಗಿದ್ರೆ ಚಳಿ ಹೋಗುತ್ತೆ, ನಿಜ. ಅದರ ಜೊತೆಗೆ ನಾವೂ ಹೋಗ್ತೀವಿ!"

ಆದ್ದರಿಂದ ಹೊಗೆ ಹೊರಗೆ ಹೋಗುವಂಥ ಕಬ್ಬಿಣದ ಒಲೆಯೇ ಆಗಬೇಕಾಯಿತು. ಅರಸೀಕೆರೆಯಲ್ಲಿ ಅವರ ಹಳೆಯ ಶಿಷ್ಯನೊಬ್ಬನ ವೆಲ್ಡಿಂಗ್ ಅಂಗಡಿ ಇದೆ. ಅವನಿಗೆ ಈಗ ತಲೆ ನರೆತಿದೆ, ಇಬ್ಬರು ಮಕ್ಕಳ ಮದುವೆಯಾಗಿದೆ. ಆದರೂ ದೊಡ್ಡತ್ತೆ ಬಂದರೆಂದು ಕೂಡಲೇ ಬೀಡಿ ಬಿಸಾಡಿ ಎದ್ದು ನಿಂತನಂತೆ. ಇವರು ಕೈಲಿ ಬರೆದ ನಕ್ಷೆ ತೋರಿಸಿದರು. ಅವನು ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಮೇಡಂ, ಇದ್ರಾಗೆ ಏನು ಬೇಯಿಸ್ತೀರಾ?" ಎಂದು ಕೇಳಿದ.

"ಮನೆ."

ಅಷ್ಟಕ್ಕೇ ಬಿಟ್ಟರೆ? "ಹೊಗೆ ಕೊಳವೆ ಮೇಲಿರಬೇಕೋ ಕೆಳಗಿರಬೇಕೋ? ಯಾಕೆ? ಕಾರಣ ಕೊಡು!" ಎಂದು ಅಲ್ಲೇ ಮೌಖಿಕ ಪರೀಕ್ಷೆ ಶುರು ಮಾಡಿದರು. ಅವನು ತಲೆ ಕೆರೆದುಕೊಂಡ. "ಒಂಬತ್ತನೇ ಕ್ಲಾಸಲ್ಲೂ ಹೀಗೇ ತಲೆ ಕೆರ್ಕೊಂಡು ನಿಂತಿದ್ದೆ!" ಎಂದು ಇವರು ಬೈದರು. ಅಂಗಡಿಯ ಕೆಲಸಗಾರರಿಗೆ ಆವತ್ತು ಪರಮಾನಂದ!

ಒಲೆ ಟೆಂಪೋದಲ್ಲಿ ಬಿಕ್ಕೋಡಿಗೆ ಬಂತು. ಡ್ರಮ್ಮಿನಷ್ಟು ದಪ್ಪ, ಮೇಲೊಂದು ಉದ್ದದ ಕೊಳವೆ. ನೋಡಿದವರು ಏನೆಂದುಕೊಳ್ಳಬೇಕು? ಸಂಜೆಯೊಳಗೆ ಊರೆಲ್ಲ ಸುದ್ದಿ: "ಮೇಡಂನೋರು ಭಟ್ಟಿ ಇಳಿಸ್ತಾರಂತೆ!" ಇಬ್ಬರು ಗಿರಾಕಿಗಳು ಹಿತ್ತಲ ಬಾಗಿಲಿಗೇ ಬಂದು ಮೆಲ್ಲಗೆ ವಿಚಾರಿಸಿದರಂತೆ. ಅವರಿಗೂ ಗಾಳಿಯ ಗುಣಲಕ್ಷಣಗಳ ಪಾಠ ಆಯಿತು. ಆಮೇಲೆ ಅವರು ಆ ಬೀದಿಯಲ್ಲೇ ಕಾಣಲಿಲ್ಲ!

ಮೊದಲ ದಿನ ಒಲೆ ಹಚ್ಚಿದಾಗ ಸೌದೆ ಹಸಿ. ಹೊಗೆ ಕೊಳವೆಯ ದಾರಿ ಬಿಟ್ಟು ಮಿಕ್ಕ ಎಲ್ಲ ದಾರಿಗಳಿಂದ ಹೊರಟಿತು. ಕಿಟಕಿ, ಬಾಗಿಲು, ಹೆಂಚಿನ ಸಂದು, ಎಲ್ಲೆಂದರಲ್ಲಿ! ಮನೆಗೆ ಬೆಂಕಿ ಬಿತ್ತೆಂದು ಬೀದಿಯವರೆಲ್ಲ ಕೊಡ, ಬಕೆಟ್ಟು ಹಿಡಿದು ಓಡಿ ಬಂದರು. ಹೊಗೆಯ ನಡುವಿನಿಂದ ಕಣ್ಣು ಕೆಂಪಗೆ ಮಾಡಿಕೊಂಡು ದೊಡ್ಡತ್ತೆ ಹೊಸ್ತಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನೀರು ಹೊರಗೇ ಇಡಿ. ಒಳಗೆ ಬರೋರು ಕಾಫಿ ಕುಡ್ಕೊಂಡು ಹೋಗಿ. ಒಲೆ ಮಾತ್ರ ಆರಲ್ಲ!"

ಕೆಮ್ಮುತ್ತಾ ಹನ್ನೆರಡು ಜನ ಕಾಫಿ ಕುಡಿದರು.

ಸೌದೆ ಒಣಗಿದ ಮೇಲೆ ಹೊಗೆಯೇನೋ ನಿಂತಿತು. ಆದರೆ ನಡುಮನೆಯಲ್ಲಿ ಹಪ್ಪಳ ಸುಡಬಹುದಾದಷ್ಟು ಕಾವು, ಹಿಂದಿನ ಕೋಣೆಯಲ್ಲಿ ಹಲ್ಲು ಕಟಕಟ. ಯಾವ ಕೋಣೆ ಎಷ್ಟು ಬೆಚ್ಚಗಿದೆಯೆಂದು ತಿಳಿಯುವುದು ಹೇಗೆ? ದೊಡ್ಡತ್ತೆ ಆರು ಬಟ್ಟಲಿಗೆ ಕೊಬ್ಬರಿ ಎಣ್ಣೆ ಹಾಕಿ ಕೋಣೆಗೊಂದು ಇಟ್ಟರು. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ! ಕರಗಿದರೆ ಪಾಸು, ಗಟ್ಟಿಯಾದರೆ ಫೇಲು. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಮಾವ ತಲೆಗೆ ಎಣ್ಣೆ ಹುಡುಕಿದರೆ ಸೀಸೆ ಖಾಲಿ.

"ಎಣ್ಣೆ ಎಲ್ಲೈತೆ ಕಣೇ?"

"ಪರೀಕ್ಷೆ ಬರೀತಿದೆ. ಫಲಿತಾಂಶ ಬರೋವರೆಗೂ ಮುಟ್ಟಬೇಡಿ!"

ಆ ವಾರವೆಲ್ಲ ಮಾವನ ತಲೆ ಪೊರಕೆಯಂತೆ ನಿಂತಿತ್ತು. ಅದೇ ವಾರ ನಾನೂ ನನ್ನ ಗಂಡನೂ ಅಲ್ಲಿಗೆ ಹೋದೆವು. ನಮ್ಮ ಮದುವೆಯಾಗಿ ಇನ್ನೂ ಎರಡು ತಿಂಗಳು! ನಮಗೆ ಕೊಟ್ಟ ಕೋಣೆಗೆ ಚೌಕಟ್ಟಿತ್ತು, ಬಾಗಿಲೇ ಇರಲಿಲ್ಲ.

"ಗಾಳಿ ಓಡಾಡೋಕೆ ಅಡ್ಡ ಬರ್ತಿತ್ತು, ಎಲ್ಲಾ ಕೋಣೇದೂ ತೆಗೆಸಿಬಿಟ್ಟೆ" ಎಂದರು ದೊಡ್ಡತ್ತೆ, ಏನೂ ಆಗಿಲ್ಲವೆಂಬಂತೆ. ನಾನು ಸೀರೆಯೊಂದನ್ನು ಅಡ್ಡ ಕಟ್ಟಿದೆ. ಅವರು ಬಂದು ಅದನ್ನು ಮೇಲೊಂದು ಮೊಳ, ಕೆಳಗೊಂದು ಮೊಳ ಮಡಚಿ ಪಿನ್ನು ಹಾಕಿದರು. ಬಿಸಿ ಗಾಳಿಗೆ ಮೇಲಿನ ದಾರಿ, ತಣ್ಣನೆ ಗಾಳಿಗೆ ಕೆಳಗಿನ ದಾರಿಯಂತೆ. ನಡುವೆ ಉಳಿದ ಸೀರೆಯ ಮರೆಯಲ್ಲಿ ನನ್ನ ಗಂಡ ಕುಕ್ಕರಗಾಲಲ್ಲಿ ಕೂತು ಅಂಗಿ ಬದಲಾಯಿಸಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ!

ಬಾಗಿಲು ಹೋದ ಮೇಲೆ ಐದು ಬಟ್ಟಲು ಪಾಸಾದವು. ಹಿಂದಿನ ಕೋಣೆಯದು ಮಾತ್ರ ಸುಣ್ಣದ ಕಲ್ಲಿನಂತೆ ಬೆಳ್ಳಗೆ ಕೂತಿತ್ತು. ಅದು ಅಜ್ಜಿಯ ಕೋಣೆ. ಅಜ್ಜಿ ಎಂದರೆ ಮಾವನ ತಾಯಿ, ದೊಡ್ಡತ್ತೆಯ ಅತ್ತೆ. ತೊಂಬತ್ತರ ಹತ್ತಿರ ವಯಸ್ಸು. ಬಚ್ಚಲು ಪಕ್ಕದಲ್ಲೇ ಇದೆ ಎಂಬ ಕಾರಣಕ್ಕೆ ಅಲ್ಲಿ ಮಂಚ ಹಾಕಿಸಿಕೊಂಡಿದ್ದರು.

"ಅವ್ವನ್ನ ನಡುಮನೆಗೆ ಕರ್ಕಂಡು ಬಂದ್ರೆ ಮುಗೀತಲ್ಲ" ಎಂದರು ಮಾವ.

"ನಾ ಬರಾಕಿಲ್ಲ" ಎಂದರು ಅಜ್ಜಿ ಒಳಗಿನಿಂದ.

"ಅವರು ಯಾಕೆ ಬರ್ಬೇಕು? ಬಿಸಿ ಅಲ್ಲಿಗೆ ಹೋಗುತ್ತೆ!" ಎಂದರು ದೊಡ್ಡತ್ತೆ.

ಇಬ್ಬರು ಹಟಮಾರಿಗಳ ನಡುವೆ ಸಿಕ್ಕಿದ ಮಾವ ಪೇಪರು ಹಿಡಿದು ಜಗುಲಿಗೆ ಹೋದರು. ಅಲ್ಲಿ ಚಳಿ ಇತ್ತು, ಆದರೆ ವಾದ ಇರಲಿಲ್ಲ.

ದೊಡ್ಡತ್ತೆ ಗಾರೆಯವನನ್ನು ಕರೆಸಿ ಅಜ್ಜಿಯ ಕೋಣೆಗೂ ಒಲೆಯಿದ್ದ ನಡುಮನೆಗೂ ನಡುವಿನ ಗೋಡೆಯಲ್ಲಿ ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ ಒಡೆಸಿದರು. "ನೂರು ವರ್ಷದ ಗ್ವಾಡೆ ಮೇಡಂ, ಯೋಚ್ನೆ ಮಾಡಿ" ಎಂದು ಅವನು ಅಂಜಿದರೆ, "ನೂರು ವರ್ಷ ಯೋಚನೆ ಮಾಡಿದ್ದು ಸಾಕು, ಒಡಿ!" ಎಂದರು. ಆಮೇಲೆ ಟೇಬಲ್ ಫ್ಯಾನು ತಂದು ಅಜ್ಜಿಯ ಕೋಣೆಯ ನೆಲದ ಮೇಲೆ, ಕೆಳಗಿನ ಕಿಂಡಿಗೆ ಮುಖ ಮಾಡಿ ಇಟ್ಟರು. ಮಾಗಿ ಚಳಿಯಲ್ಲಿ, ತೊಂಬತ್ತರ ಮುದುಕಿಯ ಕೋಣೆಯಲ್ಲಿ ಫ್ಯಾನು! ಬೀದಿಯ ಹೆಂಗಸರು ಬಂದು ಇಣುಕಿ ನೋಡಿ, ಅತ್ತೆಯನ್ನು ಮುಗಿಸುವ ಹೊಸ ಉಪಾಯವಿರಬೇಕೆಂದು ಪಿಸುಗುಟ್ಟಿದರು.

ದೊಡ್ಡತ್ತೆಗೆ ಅದು ಕೇಳಿಸಿತು. "ತಣ್ಣನೆ ಗಾಳಿ ಭಾರ, ನೆಲದಲ್ಲೇ ಮಲಗಿರುತ್ತೆ. ಅದನ್ನ ಒಲೆ ಕಡೆ ಓಡಿಸಿದ್ರೆ, ಅದರ ಜಾಗಕ್ಕೆ ಬಿಸಿ ಗಾಳಿ ಮೇಲಿನ ಕಿಂಡೀಲಿ ತಾನಾಗೇ ಬರುತ್ತೆ. ನಾಳೆ ಬೆಳಿಗ್ಗೆ ಬಂದು ನೋಡಿ. ಬರ್ದಿದ್ರೆ ನಾನೇ ನಿಮ್ಮನೆಗೆ ಬಂದು ಕರ್ಕೊಂಡು ಬರ್ತೀನಿ!" ಎಂದರು.

ಮರುದಿನ ಬೆಳಿಗ್ಗೆ ಅಜ್ಜಿಗೆ ಕಾಫಿ ಕೊಡಲು ಹೋದೆ. ಬಟ್ಟಲಲ್ಲಿ ಎಣ್ಣೆ ನೀರಿನಂತೆ ತಿಳಿಯಾಗಿತ್ತು. ನಾನು ಕೂಗಬೇಕೆಂದು ಬಾಯಿ ತೆರೆದೆ. ಅಜ್ಜಿ ಕೈ ಹಿಡಿದು ಕೂರಿಸಿಕೊಂಡರು.

"ಈ ಕ್ವಾಣೆ ಮೊದ್ಲು ಯಾತಕ್ಕಿತ್ತು ಗೊತ್ತೇನವ್ವ?"

"ಸಾಮಾನು ಇಡೋಕಾ ಅಜ್ಜಿ?"

"ಹೊರಗಾದ ಹೆಣ್ಮಕ್ಳು ಇಲ್ಲೇ ಇರ್ಬೇಕಿತ್ತು, ಮೂರು ದಿನ. ನಿಮ್ಮತ್ತೆ ಮದ್ವೆಯಾಗಿ ಬಂದಾಗ ಹಿಂಗೇ ಮಾಗಿ ಕಾಲ. ಬಿಸಿಲೂರಿನ ಹುಡ್ಗಿ, ಚಳಿ ಕಂಡೋಳಲ್ಲ. ಒಂದು ಗೋಣಿತಾಟು, ಒಂದು ಹರಕು ಕಂಬ್ಳಿ ಕೊಟ್ಟು ನೆಲದ ಮ್ಯಾಲೆ ಮಲಗಿಸ್ದೆ. ಇನ್ನೊಂದು ಕಂಬ್ಳಿ ಕೊಡಿ ಅತ್ತೆ ಅಂತ ಬಾಗ್ಲಲ್ಲಿ ನಿಂತು ಕೇಳಿದ್ಲು. ಮೈಲಿಗೆ ಆಯ್ತದೆ ಅಂತ ಕೊಡ್ನಿಲ್ಲ ಕಣವ್ವ. ಒಳಗೆ ನಾಕು ಇದ್ವು."

ನಾನು ತಲೆಯೆತ್ತಿದರೆ ದೊಡ್ಡತ್ತೆ ಚೌಕಟ್ಟಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನೀನು ಮರ್ತಿರ್ತೀಯ ಅಂದ್ಕಂಡಿದ್ದೆ" ಎಂದರು ಅಜ್ಜಿ, ಅವರನ್ನು ನೋಡಿ.

"ಮರ್ತಿಲ್ಲ ಅತ್ತೆ. ಮರೆಯೋದೂ ಇಲ್ಲ." ದೊಡ್ಡತ್ತೆಯ ದನಿ ಒಂದಿಷ್ಟೂ ತಗ್ಗಲಿಲ್ಲ. "ಈ ಕೋಣೇಲಿ ಇನ್ಯಾರೂ ನಡುಗಬಾರದು. ಯಾರೇ ಮಲಗಲಿ. ನೀವೇ ಮಲಗಿದ್ರೂ."

ಅಜ್ಜಿ ಮಂಚದ ಗೋಡೆ ಬದಿಗೆ ಸರಿದು ಜಾಗ ಮಾಡಿದರು. ತಾವು ಹೊದ್ದಿದ್ದ ಕರಿ ಕಂಬಳಿಯನ್ನು ತೆಗೆದು ಸೊಸೆಯ ಕಡೆ ಚಾಚಿದರು.

ಆ ಕೋಣೆಯಲ್ಲಿ ಆ ಹೊತ್ತಿಗೆ ಕಂಬಳಿಯ ಅಗತ್ಯವೇ ಇರಲಿಲ್ಲ. ಫ್ಯಾನು ಸದ್ದು ಮಾಡುತ್ತಾ ತನ್ನ ಕೆಲಸ ಮಾಡುತ್ತಿತ್ತು, ನನ್ನ ಹಣೆಯ ಮೇಲೆ ಬೆವರಿತ್ತು. ದೊಡ್ಡತ್ತೆ ಬಂದು ಮಂಚದ ಮೇಲೆ ಕೂತರು, ಕಂಬಳಿ ತೆಗೆದುಕೊಂಡರು, ಕುತ್ತಿಗೆಯವರೆಗೂ ಹೊದ್ದುಕೊಂಡರು.