ಟೆಸ್ಟಿಂಗ್ ಹಾಡಿನ ಉಳಿದ ಭಾಗ

ಮಾನ ಹೋಗುವುದು ಎಲ್ಲರಿಗೂ ಇದ್ದದ್ದೇ. ಬೇರೆಯವರದು ಹೋದರೆ ಮನೆಯೊಳಗೇ ಹೋಗುತ್ತದೆ, ಹೆಚ್ಚೆಂದರೆ ಬೀದಿಗೆ ಬರುತ್ತದೆ. ಮೈಕ್‌ಸೆಟ್ ಇಟ್ಟವನದು ಹೋದರೆ ಸುತ್ತಲ ಮೂರು ಊರಿಗೆ ಕೇಳಿಸುತ್ತದೆ. ಗುಂಡ್ಲುಪೇಟೆಯಲ್ಲಿ ನಾನು ಶಾಮಿಯಾನ ಮತ್ತು ಸೌಂಡ್ಸ್ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು, ಇಂಥದ್ದು ಆಗದ ವರ್ಷವೇ ಇಲ್ಲ. ಆದರೆ ಹೋದ ವರ್ಷ ಆದದ್ದೆಲ್ಲ ಒಂದೇ ಹಾಡಿನಿಂದ. ಅದೂ ಅಂಗಡಿ ತೆರೆದಾಗಿನಿಂದ ನಾನೇ ಹಾಕಿಕೊಂಡು ಬಂದ ಹಾಡಿನಿಂದ.

೧. ಅರ್ಧ ನಿಮಿಷ

ಅಂಗಡಿ ಶುರು ಮಾಡುವಾಗ ಊಟಿಯಲ್ಲಿ ಒಬ್ಬರು ತಮ್ಮ ಮೈಕ್‌ಸೆಟ್ ಅಂಗಡಿ ಮುಚ್ಚುತ್ತಿದ್ದರು. ಅವರ ಹಳೇ ಆಂಪ್ಲಿಫೈಯರ್ ಕೊಂಡು ತಂದೆ, ಜೊತೆಗೆ ಒಂದು ರಟ್ಟಿನ ಡಬ್ಬದ ತುಂಬ ಕ್ಯಾಸೆಟ್ ಕೊಟ್ಟರು. ಅದರಲ್ಲಿ ಚೀಟಿ ಕಿತ್ತುಹೋದ ಒಂದು ಕ್ಯಾಸೆಟ್ ಇತ್ತು. ಹಾಕಿದರೆ ಮೊದಲು ದಪ್ಪ ತಂತಿಯ ಗಿಟಾರು ಧುಮ್ಮ ಧುಮ್ಮ ಅನ್ನುತ್ತದೆ. ಹಿಂದೆಯೇ ಡ್ರಮ್ಮು, ಆಮೇಲೆ ಕುಡುಗೋಲಿಗೆ ಸಾಣೆ ಹಿಡಿದ ಹಾಗೆ ಇನ್ನೊಂದು ಗಿಟಾರು. ಅರ್ಧ ನಿಮಿಷ ಅಷ್ಟೆ. ಟಕ್ ಅಂತ ಒಂದು ಶಬ್ದವಾಗಿ ತಮಿಳಿನಲ್ಲಿ ಮುರುಗನ ಭಕ್ತಿಗೀತೆ ಶುರುವಾಗುತ್ತದೆ. ಈ ಧುಮ್ಮ ಧುಮ್ಮವೂ ಆ ಭಕ್ತಿಗೀತೆಯದೇ ಪೀಠಿಕೆ ಎಂದು ನಾನು ತಿಳಿದಿದ್ದೆ. ಯಾರಾದರೂ ಕೇಳಿದರೆ ತಮಿಳು ದೇವರ ಹಾಡು ಎಂದು ಧೈರ್ಯವಾಗಿ ಹೇಳುತ್ತಿದ್ದೆ.

ಆ ಅರ್ಧ ನಿಮಿಷ ಸೆಟ್ಟು ಟೆಸ್ಟ್ ಮಾಡುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಬಾಕ್ಸು ಒಡೆದಿದ್ದರೆ ದಪ್ಪ ತಂತಿಗೆ ಗೊತ್ತಾಗುತ್ತಿತ್ತು, ಹಾರ್ನು ಕೆಟ್ಟಿದ್ದರೆ ಸಾಣೆಗೆ ಗೊತ್ತಾಗುತ್ತಿತ್ತು. ಟಕ್ ಅಂದ ಕೂಡಲೇ ಆಫ್ ಮಾಡುತ್ತಿದ್ದೆ. ಕ್ಯಾಸೆಟ್ಟು ಸವೆದೀತೆಂದು ಪೆನ್‌ಡ್ರೈವಿಗೆ ಹಾಕಿಸಿದೆ, ಅಲ್ಲಿಂದ ಮೊಬೈಲಿಗೆ ಬಂತು. ಹರವೆಯಲ್ಲಾಗಲಿ ತೆರಕಣಾಂಬಿಯಲ್ಲಾಗಲಿ, ನನ್ನ ಸೆಟ್ಟು ಹೋದ ಕಡೆ ಮೊದಲು ಆ ಅರ್ಧ ನಿಮಿಷ ಮೊಳಗಲೇಬೇಕು. ಜನ ಅದನ್ನು ಟೆಸ್ಟಿಂಗ್ ಹಾಡು ಎಂದೇ ಕರೆದರು. ಅದು ಕಿವಿಗೆ ಬಿದ್ದರೆ ಕಾರ್ಯ ಶುರುವಾಯಿತೆಂದು ಮುಖ ತೊಳೆದು ಹೊರಡುತ್ತಿದ್ದರು.

ಒಮ್ಮೆ ತೆರಕಣಾಂಬಿಯಲ್ಲಿ ಒಂದು ಮದುವೆಗೆ ಹೊರಗಿನವರ ಮೈಕ್‌ಸೆಟ್ ತರಿಸಿದ್ದರು. ವಧುವಿನ ಅಜ್ಜ ಮನೆ ಜಗಲಿಯ ಮೇಲೆ ಕೂತವರು ಏಳಲೇ ಇಲ್ಲ. ಕರೆಯಲು ಹೋದವರಿಗೆ, "ಇನ್ನೂ ಟೆಸ್ಟಿಂಗೇ ಆಗಿಲ್ಲ ಕಣಪ್ಪ, ಈಗ್ಲೇ ಓಗಿ ಏನ್ ಮಾಡನ" ಅಂದರಂತೆ. ಅವರು ಚಪ್ಪರ ಮುಟ್ಟುವ ಹೊತ್ತಿಗೆ ಮೊಮ್ಮಗಳು ಗಂಡನ ಮನೆ ಮುಟ್ಟಿದ್ದಳು.

೨. ಮುರುಗ ಬರಲಿಲ್ಲ

ನನಗೆ ಒಬ್ಬಳೇ ಮಗಳು. ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಪರೀಕ್ಷೆ ಮಾಡದೆ ಏನನ್ನೂ ನಂಬುವವಳಲ್ಲ. ಒಂದು ಭಾನುವಾರ ರಿಪೇರಿಯಾದ ಹಾರ್ನನ್ನು ಮನೆ ಮುಂದೆ ಇಟ್ಟು ಟೆಸ್ಟಿಂಗ್ ಹಾಡು ಹಾಕಿದೆ. ಅವಳು ಸುಮ್ಮನೆ ತನ್ನ ಮೊಬೈಲನ್ನು ಹಾರ್ನಿನ ಮುಂದೆ ಹಿಡಿದಳು. ಈಗಿನ ಮೊಬೈಲುಗಳಿಗೆ ಹಾಡು ಕೇಳಿಸಿದರೆ ಅದು ಯಾರದೆಂದು ಹೇಳಿಬಿಡುತ್ತವಂತೆ. ಇದೂ ಹೇಳಿತು. ಇಂಗ್ಲೆಂಡಿನ ಒಂದು ತಂಡದ ಹೆಸರು, ಗೋಡೆಗೆ ಒರಗಿ ನಿಂತ ನಾಲ್ಕು ಜನ ಬಿಳಿಚಿಕೊಂಡ ಹುಡುಗರ ಕಪ್ಪು ಬಿಳುಪು ಫೋಟೊ. ನಾನು ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಕಾಲದವರು. ಆ ಬಗೆಯ ಸಂಗೀತಕ್ಕೆ ಪೋಸ್ಟ್-ಪಂಕ್ ಅನ್ನುತ್ತಾರಂತೆ.

ನಿನ್ನ ಮೊಬೈಲು ಕೆಟ್ಟಿದೆ, ಇದು ಮುರುಗನ ಹಾಡು ಅಂದೆ. ಅವಳು ವಾದ ಮಾಡದೆ ತನ್ನ ಮೊಬೈಲನ್ನೇ ಸೆಟ್ಟಿಗೆ ಸಿಕ್ಕಿಸಿ ಹಾಡು ಹಾಕಿದಳು. ಅರ್ಧ ನಿಮಿಷ ಆಯಿತು. ಅಭ್ಯಾಸಬಲದಿಂದ ಆಫ್ ಮಾಡಲು ಹೋದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಟಕ್ ಶಬ್ದ ಬರಲಿಲ್ಲ, ಮುರುಗನೂ ಬರಲಿಲ್ಲ. ಯಾವನೋ ಒಬ್ಬ ಗಂಡಸು ತಗ್ಗಿದ ದನಿಯಲ್ಲಿ ಹಾಡತೊಡಗಿದ. ರೇಷನ್ ಅಂಗಡಿಯಲ್ಲಿ ದಿನಗಟ್ಟಲೆ ನಿಂತು, ಸರ್ವರ್ ಇಲ್ಲ ನಾಳೆ ಬಾ ಅನ್ನಿಸಿಕೊಂಡು ಬಂದವನ ದನಿ ಅದು.

ಯಾರವ್ವ ಇವನು, ನಮ್ಮ ಮುರುಗ ಎಲ್ಲಿ ಎಂದು ಕೇಳಿದೆ. ಮುರುಗ ಇದರಲ್ಲಿ ಯಾವತ್ತೂ ಇರಲಿಲ್ಲ ಅಪ್ಪ, ಊಟಿಯವರು ಯಾರೋ ಅದರ ಮೇಲೆ ರೆಕಾರ್ಡ್ ಮಾಡಿಕೊಂಡಿದ್ದಾರೆ ಅಂದಳು. ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದು, ಆಚೆ ಒಂದು ಸಂಸಾರ ಇದೆಯೆಂದೇ ಗೊತ್ತಿಲ್ಲದವನ ಹಾಗೆ ನಿಂತುಬಿಟ್ಟೆ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗಾಬರಿಯಿಂದ ಓಡಿ ಬಂದು ಹಾರ್ನ್ ನೋಡಿದಳು.

"ಯಾರ್ ಓಗ್ಬುಟ್ರು? ಮಣ್ಣು ಎಷ್ಟೊತ್ಗಂತೆ?" ಅಂದಳು.

೩. ಹಮ್ಮಿಂಗ್

ಆ ದಿನವೇ ತೀರ್ಮಾನ ಮಾಡಿದೆ. ಈ ಹಾಡನ್ನು ಒಂದು ಸಲವಾದರೂ ನನ್ನದೇ ಸೆಟ್ಟಿನಲ್ಲಿ, ಜನರ ಮುಂದೆ, ಕೊನೆಯವರೆಗೆ ಹಾಕಬೇಕು. ಇಷ್ಟು ವರ್ಷ ಆ ಮನುಷ್ಯ ಬಾಯಿ ತೆರೆಯುವ ಮೊದಲೇ ಕತ್ತು ಹಿಸುಕಿದ್ದೇನೆ, ಅಷ್ಟಾದರೂ ಮಾಡಬೇಡವೇ? ಹೆಂಡತಿಗೆ ಹೇಳಿದೆ. ಹಾಕಿದ ದಿನ ಸಂತೆಮರಹಳ್ಳಿ ಬಸ್ ಹತ್ತಿ ತವರಿಗೆ ಹೋಗುವುದಾಗಿ ತಿಳಿಸಿದಳು.

ಮೊದಲು ಆ ತಂಡದ ಎಲ್ಲ ಹಾಡೂ ಕೇಳೋಣವೆಂದು ಕೂತೆ. ಆಷಾಢ ಬಂದಿತ್ತು, ಮದುವೆ ಮುಂಜಿ ಇಲ್ಲದೆ ನಮ್ಮ ಕಸುಬಿನವರೆಲ್ಲ ನೊಣ ಹೊಡೆಯುವ ಕಾಲ. ಅವರು ಒಂದರ ಹಿಂದೆ ಒಂದು ಆಲ್ಬಮ್ ಮಾಡಿ ಗುಡ್ಡೆ ಹಾಕಿದ್ದರು. ಮಗಳು ಎಲ್ಲವನ್ನೂ ನನ್ನ ಮೊಬೈಲಿಗೆ ಹಾಕಿಕೊಟ್ಟಳು. ಮೊದಲನೆಯದು ಕೇಳಿ ಬೆರಗಾದೆ. ಎರಡನೆಯದರಲ್ಲಿ ಹಾಡುವವನು ನಡುವೆ ಕಾರಣವಿಲ್ಲದೆ ನಕ್ಕ, ಬೆನ್ನು ಜುಮ್ಮೆಂದಿತು.

ಮೂರನೆಯದು ಹಾಕಿದರೆ ಬರೀ ಗುಂಯ್ ಅನ್ನುತ್ತಿತ್ತು. ಅದಕ್ಕೆ ನಾವು ಹಮ್ಮಿಂಗ್ ಅನ್ನುತ್ತೇವೆ, ಅರ್ತಿಂಗ್ ಸರಿಯಿಲ್ಲದಿದ್ದರೆ ಬರುತ್ತದೆ. ಜಾಕ್ ಬದಲಾಯಿಸಿದೆ, ಹೋಗಲಿಲ್ಲ. ವೈರ್ ಬದಲಾಯಿಸಿದೆ, ಹೋಗಲಿಲ್ಲ. ಆಂಪ್ಲಿಫೈಯರ್ ಬಿಚ್ಚಿ ಬೆಸುಗೆ ಹಾಕಿದೆ. ಅರ್ತಿಂಗ್ ಗುಂಡಿಗೆ ನೀರು ಸುರಿದೆ. ಕೊನೆಗೆ ಮಗಳಿಗೆ ಫೋನ್ ಮಾಡಿದರೆ, ಅದೇ ಹಾಡು ಅಪ್ಪ ಅಂದಳು. ನಂಬಲಾರದೆ ಮತ್ತೆ ಕೂತು ಕೇಳಿದೆ. ಕೇಳುತ್ತ ಕೇಳುತ್ತ ಅದೂ ಹಿತವಾಗಿಬಿಟ್ಟಿತು.

ಮುಂದಿನ ವಾರ ಹರವೆ ಕಡೆ ಒಂದು ಸಂಘದ ಸಭೆ. ಅಧ್ಯಕ್ಷರು ಭಾಷಣಕ್ಕೆ ನಿಂತಾಗ ನಿಜವಾದ ಹಮ್ಮಿಂಗ್ ಬಂತು. ನಾನು ಕಣ್ಣು ಮುಚ್ಚಿ ತಲೆದೂಗುತ್ತ ಕೂತಿದ್ದೆ. ಸಂಘದವರು ಬಂದು ಭುಜ ಅಲ್ಲಾಡಿಸಿ ಬೈದಾಗಲೇ ಎಚ್ಚರವಾದದ್ದು. ಅಧ್ಯಕ್ಷರು ಮಾತ್ರ ಒಂದು ಮಾತೂ ಅನ್ನಲಿಲ್ಲ. ಏನು ಹೇಳುತ್ತಿದ್ದಾರೆಂದು ಜನ ಮುಂದಕ್ಕೆ ಬಾಗಿ ಕಿವಿಗೊಟ್ಟು ಕೂತಿದ್ದು ಅವರ ಜೀವನದಲ್ಲಿ ಅದೇ ಮೊದಲಂತೆ.

೪. ತಿಥಿಯೂಟ

ತೆರಕಣಾಂಬಿ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಹಿರಿಯರ ತಿಥಿ. ಹಾರ್ನನ್ನು ತೆಂಗಿನ ಮರಕ್ಕೆ ಕಟ್ಟಿ, ಮೊಬೈಲಿನಲ್ಲಿ ತತ್ವಪದ ಹಾಕಿ ಊಟಕ್ಕೆ ಕೂತೆ. ತತ್ವಪದ ಮುಗಿದರೆ ಸುಮ್ಮನಿರಬೇಕಲ್ಲ, ಮೊಬೈಲು ತಾನೇ ಮುಂದಿನ ಹಾಡಿಗೆ ಹೋಯಿತು. ನಮ್ಮ ಇಂಗ್ಲೆಂಡಿನವನು ತೆಂಗಿನ ಮರದ ಮೇಲಿಂದ ಶುರು ಮಾಡಿದ. ಟೆಸ್ಟಿಂಗ್ ಹಾಡಲ್ಲ, ಇನ್ನೊಂದು, ಅದಕ್ಕಿಂತಲೂ ಕತ್ತಲೆಯದು. ಪಂಕ್ತಿಯಲ್ಲಿ ಕೂತವರೆಲ್ಲ ಕೈಯಲ್ಲಿನ ಮುದ್ದೆ ಹಾಗೇ ಹಿಡಿದು ಮೇಲೆ ನೋಡಿದರು.

ಎಂಜಲು ಕೈಯಲ್ಲೇ ಎದ್ದು ಓಡಿದೆ. ಆಂಪ್ಲಿಫೈಯರ್ ಹತ್ತಿರ ತೀರಿಹೋದವರ ಹಿರೀ ಮಗ ನಿಂತಿದ್ದ. ಇವತ್ತು ನನಗೆ ಏಟು ಗ್ಯಾರಂಟಿ ಅಂದುಕೊಂಡೆ. ಅವನು ನನ್ನ ಕೈ ಹಿಡಿದುಕೊಂಡು ಅಳತೊಡಗಿದ.

"ನಿಲ್ಲಿಸ್ಬ್ಯಾಡ ಬುಡಣ್ಣ. ನಮ್ಮಪ್ಪ ಇಂಗೇ ಗೊಣಗ್ತಿದ್ದುದು. ಏನ್ ಏಳ್ತಾವ್ನೆ ಅಂತ ಒಂದಿನಾನೂ ಅರ್ತ ಆಗ್ಲಿಲ್ಲ."

ನನ್ನ ಕಣ್ಣೂ ಒದ್ದೆಯಾಯಿತು. ಕೊನೆಗೂ ಆ ತಂಡದ ಒಂದು ಹಾಡು ನನ್ನ ಹಾರ್ನಿನಲ್ಲಿ ಪೂರ್ತಿಯಾಗುತ್ತದೆ, ಟೆಸ್ಟಿಂಗ್ ಹಾಡಲ್ಲದಿದ್ದರೂ ಚಿಂತೆಯಿಲ್ಲ ಅಂದುಕೊಂಡೆ. ಅರ್ಧ ದಾಟಿರಬೇಕು, ಒಳಗಿನಿಂದ ತೀರಿಹೋದವರ ಹೆಂಡತಿ, ಹಣ್ಣು ಹಣ್ಣು ಮುದುಕಿ, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ನಿಲ್ಸ್ಬುಡ್ರಪ್ಪ ಸಾಕು," ಅಂದರು. "ಬದ್ಕಿದ್ದಾಗ್ಲೇ ಕೇಳಿ ಕೇಳಿ ಸಾಕಾಗದೆ."

೫. ಯಾವ ದೇವರದು

ಕಾರ್ತಿಕದಲ್ಲಿ ಮಗಳ ಮದುವೆ ಗೊತ್ತಾಯಿತು. ಹುಡುಗ ಚಾಮರಾಜನಗರದವನು, ಛತ್ರವೂ ಅಲ್ಲೇ. ಹುಡುಗನ ತಂದೆ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಮಾತು ಕಡಿಮೆ, ಹಣೆಯ ಮೇಲೆ ವಿಭೂತಿ, ನಗುವನ್ನು ಯಾರೂ ಕಂಡಿಲ್ಲ. ಹೆಂಡತಿ ಅವರ ಹೆಸರು ಹೇಳಿ ಹೇಳಿಯೇ ನನ್ನನ್ನು ಹೆದರಿಸುತ್ತಿದ್ದಳು. ಬೀಗರ ಮುಂದೆ ಆ ಗೊಣಗುವವನನ್ನು ಹಾಕಿದರೆ ಮಗಳ ಬಾಳು ಅಲ್ಲಿಗೇ ಮುಗಿಯಿತೆಂದು ತಿಳಿ ಅಂದಳು. ಮಗಳು ಮಾತ್ರ ಆರತಕ್ಷತೆಯ ಹಿಂದಿನ ದಿನ ಗುಟ್ಟಾಗಿ, ಟೆಸ್ಟಿಂಗ್ ಮಾಡುವಾಗ ಸುಮ್ಮನೆ ಆಫ್ ಮಾಡಬೇಡ ಅಪ್ಪ ಅಂದಳು. ಊರವರ ಮಕ್ಕಳ ಮದುವೆಗೆಲ್ಲ ಊರವರಿಗೆ ಬೇಕಾದ ಹಾಡು ಹಾಕಿದ್ದೇನೆ. ನನ್ನ ಮಗಳ ಮದುವೆಯಲ್ಲಿ ಹಾಕದಿದ್ದರೆ ಇನ್ನೆಲ್ಲಿ ಹಾಕಲಿ?

ಆರತಕ್ಷತೆಯ ಸಂಜೆ ಛತ್ರ ತುಂಬಿತ್ತು. ಟೆಸ್ಟಿಂಗ್ ಹಾಡು ಹಾಕಿದೆ. ಗುಂಡ್ಲುಪೇಟೆ ಕಡೆಯವರೆಲ್ಲ ಅಭ್ಯಾಸದಂತೆ ಎದ್ದು ಪಂಚೆ ಸರಿ ಮಾಡಿಕೊಂಡರು. ಅರ್ಧ ನಿಮಿಷ ಮುಗಿಯಿತು. ನಾನು ಕೈ ಕಟ್ಟಿಕೊಂಡು ನಿಂತೆ. ಹಾಡುವವನು ಬಾಯಿ ತೆರೆದ.

ನಾನು ಒಂದು ಲೆಕ್ಕ ಮರೆತಿದ್ದೆ. ಮದುವೆಗೆ ತಾಲ್ಲೂಕಿನ ಮೈಕ್‌ಸೆಟ್‌ನವರನ್ನೆಲ್ಲ ಕರೆದಿದ್ದೆ. ಆ ದನಿ ಕೇಳಿದ್ದೇ ತಡ, ಪಾಪ, ಹೆಣ್ಣಿನ ತಂದೆಯ ಸೆಟ್ಟೇ ಕೈಕೊಟ್ಟಿತೆಂದು ನಾಲ್ಕೂ ದಿಕ್ಕಿನಿಂದ ಓಡಿ ಬಂದರು. ಒಬ್ಬರು ಜಾಕ್ ಅಲ್ಲಾಡಿಸಿದರು, ಒಬ್ಬರು ಬಾಕ್ಸಿಗೆ ಗುದ್ದಿದರು, ಇನ್ನೊಬ್ಬರು ಯಾವುದಕ್ಕೂ ಇರಲಿ ಎಂದು ಫ್ಯೂಸನ್ನೇ ಕಿತ್ತರು. ಛತ್ರ ಗಪ್‌ಚಿಪ್ ಆಯಿತು.

ಮದುವೆ ಮನೆಯಲ್ಲಿ ಸದ್ದು ನಿಂತರೆ ಅಪಶಕುನ. ಮೈಕು ಕೈಕೊಟ್ಟಾಗ ತುಂಬುವ ಜವಾಬ್ದಾರಿ ಓಲಗದವರದು. ಆ ಓಲಗದವರೂ ವರ್ಷಗಟ್ಟಲೆ ನನ್ನ ಟೆಸ್ಟಿಂಗ್ ಕೇಳಿದವರೇ. ಡೋಲಿನವರು ಬಿಟ್ಟಲ್ಲಿಂದ ಅದೇ ಧುಮ್ಮ ಧುಮ್ಮ ಹಿಡಿದರು, ನಾಗಸ್ವರದವರು ಕಣ್ಣು ಮುಚ್ಚಿ ಆ ಸಾಣೆಯನ್ನು ಊದಿದರು. ಅವರಿಗೆ ಬರುತ್ತಿದ್ದುದು ಅರ್ಧ ನಿಮಿಷವೇ, ಅದನ್ನೇ ಸುತ್ತಿ ಸುತ್ತಿ ನುಡಿಸಿದರು.

ಅಷ್ಟರಲ್ಲಿ ಬೀಗರು ವೇದಿಕೆ ಇಳಿದು ನೇರ ನನ್ನ ಕಡೆ ಬಂದರು. ಹೆಂಡತಿ ಓಡಿ ಬಂದು ನನ್ನ ಪಕ್ಕ ನಿಂತಳು. ಓಲಗ ನಿಂತ ಮೇಲೆ ಬೀಗರು ಕೇಳಿದರು.

"ಚೆನ್ನಾಗದೆ ಬೀಗ್ರೇ. ಯಾವ ದೇವ್ರುದು?"

"ನಮ್ಮ ಮನೆದೇವ್ರುದು" ಅಂದುಬಿಟ್ಟೆ. ಹೆಂಡತಿ ನನ್ನ ತೋಳು ಚಿವುಟಿದ್ದು ಇನ್ನೂ ಉರಿಯುತ್ತಿದೆ.

"ದೇವ್ರ ಹಾಡ್ನ ಅರ್ಧಕ್ಕೆ ನಿಲ್ಲಿಸ್ಬಾರ್ದು. ಮೊದ್ಲಿಂದ ಹಾಕ್ಸಿ, ಪೂರ್ತಿ ಆಗ್ಲಿ" ಅಂದರು ಬೀಗರು. ಅಂದವರೇ ಚಪ್ಪಲಿ ಬಿಟ್ಟು, ಹಾರ್ನಿನ ಕಡೆ ತಿರುಗಿ ಕೈಮುಗಿದು ನಿಂತರು. ಅವರನ್ನು ನೋಡಿ ಗಂಡಿನ ಕಡೆಯವರು ಎದ್ದರು, ಅವರನ್ನು ನೋಡಿ ನಮ್ಮ ಕಡೆಯವರು ಎದ್ದರು, ಫ್ಯೂಸ್ ಕಿತ್ತವರೂ ಅದನ್ನು ಹಾಕಿ ಬಂದು ಕೈಮುಗಿದರು. ಆ ಮಹಾನುಭಾವ ಗೊಣಗಿದಷ್ಟು ಹೊತ್ತೂ ಇಡೀ ಛತ್ರ ಉಸಿರು ಬಿಗಿಹಿಡಿದು ಕೇಳಿತು. ಅವನು ಒಂದೆಡೆ ಕಿರುಚಿದಾಗ ಹಿಂದಿನ ಸಾಲಿನ ಹೆಂಗಸೊಬ್ಬರಿಗೆ ಮೈಮೇಲೆ ಬರುವಂತಾಗಿ ನೀರು ಕೊಟ್ಟು ಕೂರಿಸಿದರು. ವೇದಿಕೆಯ ಮೇಲೆ ಮಗಳು ಕೈಮುಗಿದು, ತುಟಿ ಕಚ್ಚಿಕೊಂಡು, ನಗು ತಡೆಯಲಾರದೆ ಕಣ್ಣೀರು ಸುರಿಸುತ್ತಿದ್ದಳು. ನನ್ನ ಕಣ್ಣಲ್ಲೂ ನೀರು ಬಂತು, ಅದು ನಗುವಿಗೆ ಬಂದದ್ದಲ್ಲ. ಹಾಡಿನ ಕೊನೆ ಹೇಗಿದೆಯೆಂದು ನನ್ನ ಹಾರ್ನುಗಳಿಗೂ ಅವತ್ತೇ ಗೊತ್ತಾದದ್ದು.

ಹಾಡು ಮುಗಿಯಿತು. ಬೀಗರು ಭಕ್ತಿಯಿಂದ ಕೆನ್ನೆ ಕೆನ್ನೆ ಬಡಿದುಕೊಂಡರು, ಛತ್ರಕ್ಕೆ ಛತ್ರವೇ ಬಡಿದುಕೊಂಡಿತು. ನನ್ನ ಹೆಂಡತಿಯೂ ಬಡಿದುಕೊಂಡಳು, ಆದರೆ ಅವಳು ದಿಟ್ಟಿಸುತ್ತಿದ್ದುದು ನನ್ನ ಕೆನ್ನೆಯನ್ನು.